ಕಸ್ಟಮರ್ ಶೇರ್ 32,140 ರೂಪಾಯಿ: ಒಂದು ಕಾರ್ ಕ್ಲೇಮಿನ ಕಾಗದಪತ್ರ

2024ರ ಸೆಪ್ಟೆಂಬರ್ 5, ಗುರುವಾರ. ಮರುದಿನ ಗೌರಿ, ಅದರ ಮರುದಿನ ಗಣೇಶ. ಗ್ಯಾರೇಜಿನ ಅಡ್ವೈಸರ್ ಫೋನ್ ಮಾಡಿದರು. "ಗಾಡಿ ರೆಡಿ ಇದೆ ಸರ್. ನಿಮ್ಮ ಶೇರ್ 32,140. ಕಟ್ಟಿ, ಎಸ್‌ವಿ ಸೈನ್ ಮಾಡಿ, ಹಬ್ಬಕ್ಕೆ ಗಾಡಿ ಮನೆಗೆ ತಗೊಂಡು ಹೋಗಿ."

ಎಸ್‌ವಿ ಅಂದರೆ ಸ್ಯಾಟಿಸ್ಫ್ಯಾಕ್ಷನ್ ವೋಚರ್. ರಿಪೇರಿ ತೃಪ್ತಿಯಾಗಿದೆ, ಈ ಕ್ಲೇಮಿನಲ್ಲಿ ಇನ್ನು ಕೇಳುವುದೇನೂ ಇಲ್ಲ ಎಂದು ಗಾಡಿಯ ಮಾಲೀಕ ಬರೆದುಕೊಡುವ ಚೀಟಿ. ಕ್ಯಾಶ್‌ಲೆಸ್ ಕ್ಲೇಮಿನಲ್ಲಿ ಅದು ಕೈಗೆ ಬಂದ ಮೇಲೆಯೇ ಇನ್ಶೂರೆನ್ಸ್ ಕಂಪನಿ ಗ್ಯಾರೇಜಿಗೆ ದುಡ್ಡು ಕಳಿಸುವುದು. ಹಾಗಾಗಿ ಗ್ಯಾರೇಜಿಗೆ ಅದು ಬೇಗ ಬೇಕು.

ಅಪ್ಪ ಪಕ್ಕದಲ್ಲೇ ಕೂತಿದ್ದರು. "ಕೊಟ್ಟು ಬಿಡೋಣ. ತಪ್ಪು ನಂದು" ಎಂದರು. ಅಪಘಾತ ಆದ ದಿನದಿಂದ ಅವರು ಹೇಳುತ್ತಿದ್ದದ್ದು ಇದನ್ನೇ. ಆ ಮಾತಿಗೆ ನಾನೂ ಸೋತಿದ್ದರೆ ಅವತ್ತೇ ಸೈನ್ ಹಾಕಿ ಬರುತ್ತಿದ್ದೆ. ಆಮೇಲೆ ನಾವು ಕಟ್ಟಿದ್ದು 22,780. ನಡುವಿನ 9,360 ರೂಪಾಯಿ ಎಲ್ಲಿತ್ತು ಎನ್ನುವುದನ್ನು ಕಾಗದ ಕಾಗದವಾಗಿ ಬರೆಯುತ್ತೇನೆ.

ಹಿರೀಸಾವೆ ಹತ್ತಿರ

ಆಗಸ್ಟ್ 11, ಭಾನುವಾರ. ಬೆಂಗಳೂರಿನಿಂದ ಹಾಸನಕ್ಕೆ ವಾಪಸ್ ಬರುತ್ತಿದ್ದೆವು. ಗಾಡಿ ಅಪ್ಪನ ಕೈಯಲ್ಲಿತ್ತು. ಬೆಳ್ಳೂರು ಕ್ರಾಸ್ ದಾಟಿ ಹಿರೀಸಾವೆ ಹತ್ತಿರ ಬರುವಾಗ ಕತ್ತಲು, ಮೇಲೆ ಮಳೆ. ಮುಂದೆ ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರ್. ಟ್ರೇಲರಿನ ಹಿಂದೆ ಒಂದು ದೀಪವೂ ಇರಲಿಲ್ಲ. ಅಪ್ಪ ಬ್ರೇಕ್ ಒತ್ತಿದರು, ಗಾಡಿ ಜಾರಿತು, ಎಡಗಡೆ ಮೂತಿ ಟ್ರೇಲರಿನ ಮೂಲೆಗೆ ಬಡಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಏರ್‌ಬ್ಯಾಗ್ ತೆರೆಯುವಷ್ಟು ಹೊಡೆತವೂ ಅಲ್ಲ. ಟ್ರ್ಯಾಕ್ಟರಿನವರು ಇಳಿದು ನೋಡಿ, ತಮಗೇನೂ ಆಗಿಲ್ಲ ಅಂತ ಹೊರಟುಹೋದರು.

1033ಕ್ಕೆ ಫೋನ್ ಮಾಡಿದೆವು. ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ ಅದು. ಅವರು ಬಂದು ಗಾಡಿಯನ್ನು ರಸ್ತೆ ಬದಿಗೆ ಸರಿಸಿಕೊಟ್ಟರು. ಅದಕ್ಕೂ ಮೊದಲು ನಾನು ಟಾರ್ಚ್ ಹಾಕಿ ಫೋಟೋ ತೆಗೆದೆ. ನಂಬರ್ ಪ್ಲೇಟ್ ಕಾಣುವ ಹಾಗೆ ಗಾಡಿಯದು, ಟ್ರೇಲರಿನದು, ರಸ್ತೆಯದು. ರಾತ್ರಿಯೇ ಇನ್ಶೂರೆನ್ಸ್ ಕಂಪನಿಗೆ ತಿಳಿಸಿ ಕ್ಲೇಮ್ ನಂಬರ್ ತಗೊಂಡೆ. ಮರುದಿನ ಖಾಸಗಿ ಕ್ರೇನ್‌ಗೆ 4,500 ಕೊಟ್ಟು ಹಾಸನಕ್ಕೆ ಎಳೆಸಿದೆವು, ರಸೀದಿ ಇಟ್ಟುಕೊಂಡೆ. ಯಾರಿಗೂ ಗಾಯ ಆಗಿರಲಿಲ್ಲ, ಬೇರೆಯವರ ಆಸ್ತಿಗೆ ನಷ್ಟ ಆಗಿರಲಿಲ್ಲ. ಹಾಗಾಗಿ ಕಂಪನಿ ಎಫ್‌ಐಆರ್ ಕೇಳಲಿಲ್ಲ.

ನಾಯಿ ಅಡ್ಡ ಬಂದಿರಲಿಲ್ಲ

ಗ್ಯಾರೇಜಿನಲ್ಲಿ ಮೊದಲು ಮುಂದಿಟ್ಟ ಕಾಗದ ಕ್ಲೇಮ್ ಫಾರ್ಮ್. ಅರ್ಧ ಆಗಲೇ ತುಂಬಿತ್ತು. ಅಪಘಾತದ ವಿವರ ಎನ್ನುವ ಜಾಗದಲ್ಲಿ "ನಾಯಿ ಅಡ್ಡ ಬಂದಾಗ ಬ್ರೇಕ್ ಹಾಕಿ ಡಿವೈಡರ್‌ಗೆ ತಗುಲಿತು" ಎಂದು ಬರೆದಿದ್ದರು. ಚಾಲಕನ ಹೆಸರಿನ ಜಾಗದಲ್ಲಿ ನನ್ನ ಹೆಸರು. "ಆರ್‌ಸಿ ನಿಮ್ಮ ಹೆಸರಲ್ಲಿ ಇದೆ ಅಲ್ವಾ ಸರ್, ಹೀಗಿದ್ರೆ ತೊಂದರೆ ಇರಲ್ಲ. ಎಲ್ಲರಿಗೂ ಹೀಗೇ ಹಾಕೋದು."

ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಈ ನಾಯಿಯ ಕಥೆ ಎಷ್ಟೋ ಜನರ ಫಾರ್ಮಿನಲ್ಲಿ ಇರುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿಕೊಡುತ್ತಾರೆ. ಆದರೆ ಸೈನ್ ನಮ್ಮದು. ನನ್ನ ಫೋಟೋದಲ್ಲಿ ಟ್ರೇಲರ್ ಇದೆ, ಫಾರ್ಮಿನಲ್ಲಿ ಡಿವೈಡರ್ ಇದೆ ಅಂದರೆ ಸುಳ್ಳು ಹೇಳಿಕೆ ಎಂದು ಇಡೀ ಕ್ಲೇಮನ್ನೇ ತಳ್ಳಿಹಾಕಲು ಅಷ್ಟು ಸಾಕು. ಮೇಲಾಗಿ ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ. ಮಾಲೀಕನ ಒಪ್ಪಿಗೆಯಿಂದ, ಸರಿಯಾದ ಲೈಸೆನ್ಸ್ ಇರುವವರು ಯಾರೇ ಓಡಿಸಿದರೂ ಪಾಲಿಸಿ ನಡೆಯುತ್ತದೆ. ಅಪ್ಪನಿಗೆ 67. 55 ದಾಟಿದವರಿಗೆ ಲೈಸೆನ್ಸ್ ಐದು ವರ್ಷಕ್ಕೆ ಮಾತ್ರ ನವೀಕರಿಸುತ್ತಾರೆ. ಅವರು 2022ರಲ್ಲಿ ಮಾಡಿಸಿದ್ದರು, 2027ರವರೆಗೆ ಇತ್ತು.

ಹೊಸ ಫಾರ್ಮ್ ಕೇಳಿದೆ. ನಡೆದದ್ದನ್ನು ನಾಲ್ಕು ಸಾಲಿನಲ್ಲಿ ನಾನೇ ಬರೆದೆ. ಚಾಲಕ ಎಂದು ಅಪ್ಪನ ಹೆಸರು ಬರೆದೆ. ಅಪ್ಪ ಓದಿ ಏನೂ ಹೇಳಲಿಲ್ಲ. ಅವರ ಹೆಸರು ಕಾಗದದ ಮೇಲೆ ಬಂದದ್ದು ಅವರಿಗೆ ನೋವಾಗಿತ್ತು ಅಂತ ನನಗೆ ಗೊತ್ತಾಯಿತು.

ಎರಡನೇ ಕಾಗದ ಜಾಬ್ ಕಾರ್ಡ್. ಗಾಡಿ ಒಳಗೆ ಬಂದಾಗ ಹೇಗಿತ್ತು, ಏನು ಕೆಲಸ ಒಪ್ಪಿಸಿದೆವು ಎನ್ನುವ ಚೀಟಿ. ಅದರ ಫೋಟೋ ತೆಗೆದುಕೊಂಡೆ. ಮೂರನೆಯದು ಎಸ್ಟಿಮೇಟ್: 78,600 ರೂಪಾಯಿ.

ಸರ್ವೇಯರ್ ಬಂದರು

ಆಗಸ್ಟ್ 14ಕ್ಕೆ ಸರ್ವೇಯರ್, ಅಂದರೆ ಇನ್ಶೂರೆನ್ಸ್ ಕಂಪನಿ ಪರವಾಗಿ ನಷ್ಟ ಅಳೆಯುವವರು, ಬಂದು ಗಾಡಿ ನೋಡಿದರು. ವಾಹನದ ನಷ್ಟ 50,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಲೈಸೆನ್ಸ್ ಇರುವ ಸರ್ವೇಯರ್ ನೋಡಲೇಬೇಕು ಎಂಬ ನಿಯಮವಿದೆ. 17ಕ್ಕೆ ಬಂಪರ್, ಬಾನೆಟ್ ಬಿಚ್ಚಿದಾಗ ಒಳಗಿನ ಪೆಟ್ಟು ಕಂಡಿತು. ಏಸಿ ಕಂಡೆನ್ಸರ್ ಸೀಳಿತ್ತು, ಎಡಗಡೆ ಚಕ್ರದ ಲೋಯರ್ ಆರ್ಮ್ ಬಾಗಿತ್ತು. ಇವಕ್ಕೆ 11,900ರ ಸಪ್ಲಿಮೆಂಟರಿ ಎಸ್ಟಿಮೇಟ್ ಹಾಕಿದರು. ಒಟ್ಟು 90,500 ಆಯಿತು. ಬಿಚ್ಚಿದ ಮೇಲೆ ಸಿಕ್ಕ ಪೆಟ್ಟನ್ನು ಸರ್ವೇಯರ್ ಎರಡನೇ ಸಲ ಬಂದು ನೋಡುವುದಕ್ಕೆ ಮೊದಲು ರಿಪೇರಿ ಶುರು ಮಾಡಬಾರದು. ಇಲ್ಲದಿದ್ದರೆ ಆ ಖರ್ಚು ನಮ್ಮ ತಲೆಗೇ.

ಸರ್ವೇಯರ್ 90,500ರಲ್ಲಿ ಒಪ್ಪಿದ್ದು 66,540. ಬಲಗಡೆಯ ಫೆಂಡರ್ ಮತ್ತು ಹೆಡ್‌ಲ್ಯಾಂಪಿಗೆ ಪೆಟ್ಟೇ ಆಗಿರಲಿಲ್ಲ, ಅವನ್ನು ಲೆಕ್ಕದಿಂದ ತೆಗೆದುಹಾಕಿದರು. ರೇಡಿಯೇಟರ್ ಹಿಡಿದಿರುವ ಸಪೋರ್ಟ್ ಪ್ಯಾನೆಲ್ ಬದಲಾಯಿಸುವುದು ಬೇಡ, ತಟ್ಟಿ ಸರಿಮಾಡಬಹುದು ಎಂದರು. ಕೂಲಿ, ಪೇಂಟ್ ದರ ಇಳಿಸಿದರು. ಅವರು ಒಪ್ಪಿದ್ದು ಸರಿಯಾಗಿಯೇ ಇತ್ತು ಅನ್ನುವುದು ನನ್ನ ಅಭಿಪ್ರಾಯ.

ಆದರೆ ಒಪ್ಪಿದ ಮೊತ್ತ ಎಂದರೆ ಕೊಡುವ ಮೊತ್ತ ಅಲ್ಲ. ನಡುವೆ ಡಿಪ್ರಿಸಿಯೇಷನ್ ಇದೆ. ಹಳೆಯ ಭಾಗ ಹೋಗಿ ಹೊಸದು ಬಂದಾಗ ಅದರ ಸವಕಳಿಯ ಪಾಲು ಮಾಲೀಕನದು. ಪ್ಲಾಸ್ಟಿಕ್, ರಬ್ಬರ್, ನೈಲಾನ್, ಟೈರು, ಬ್ಯಾಟರಿಗೆ ಗಾಡಿಯ ವಯಸ್ಸು ಎಷ್ಟೇ ಇರಲಿ ಶೇ. 50 ಕಡಿತ. ಫೈಬರ್ ಗ್ಲಾಸ್ ಭಾಗಕ್ಕೆ ಶೇ. 30. ಗಾಜಿಗೆ ಕಡಿತ ಇಲ್ಲ. ಲೋಹದ ಭಾಗಕ್ಕೆ ಮಾತ್ರ ವಯಸ್ಸಿನ ಲೆಕ್ಕ: ಮೊದಲ ಆರು ತಿಂಗಳು ಏನೂ ಇಲ್ಲ, ಒಂದು ವರ್ಷದವರೆಗೆ ಶೇ. 5, ಎರಡಕ್ಕೆ 10, ಮೂರಕ್ಕೆ 15, ನಾಲ್ಕಕ್ಕೆ 25, ಐದಕ್ಕೆ 35, ಹತ್ತು ವರ್ಷದವರೆಗೆ 40, ಆಮೇಲೆ 50. ನಮ್ಮ ಗಾಡಿ 2020ರ ಮಾರ್ಚಿನದು. ನಾಲ್ಕು ದಾಟಿ ಐದು ತಿಂಗಳು. ಹಾಗಾಗಿ ಶೇ. 35.

ಜೀರೋ ಡೆಪ್ ಎಂಬ ಆಡ್-ಆನ್ ಇದ್ದಿದ್ದರೆ ಈ ಕಡಿತ ಬರುತ್ತಿರಲಿಲ್ಲ. ಆ ವರ್ಷದ ನವೀಕರಣದಲ್ಲಿ 1,900 ರೂಪಾಯಿ ಉಳಿಯುತ್ತದೆ ಅಂತ ನಾನೇ ಅದನ್ನು ತೆಗೆಸಿದ್ದೆ. ಈ ಕ್ಲೇಮಿನಲ್ಲಿ ಡಿಪ್ರಿಸಿಯೇಷನ್ ಒಂದೇ 19,180 ಆಯಿತು.

ಮೂರು ಹಾಳೆ, ಒಂದು ಪೆನ್ಸಿಲ್

ಮತ್ತೆ ಸೆಪ್ಟೆಂಬರ್ 5ಕ್ಕೆ ಬರುತ್ತೇನೆ. ಗ್ಯಾರೇಜಿಗೆ ಹೋದೆ. ಕೈಗೆ ಕೊಟ್ಟ ಬಿಲ್ಲಿನಲ್ಲಿ ಇದ್ದದ್ದು ಒಂದೇ ಸಾಲು: ಕಸ್ಟಮರ್ ಶೇರ್, 32,140. ಮೇಲೆ ಪ್ರೊಫಾರ್ಮಾ ಇನ್‌ವಾಯ್ಸ್ ಎಂದಿತ್ತು, ಅಂದರೆ ಅಂತಿಮವಲ್ಲದ ಬಿಲ್.

ಕ್ಯಾಶ್‌ಲೆಸ್‌ನಲ್ಲಿ ಇದೇ ದೊಡ್ಡ ತೊಡಕು. ಬಿಲ್ ಎರಡಾಗಿ ಒಡೆಯುತ್ತದೆ. ಒಂದು ಇನ್ಶೂರೆನ್ಸ್ ಕಂಪನಿಯ ಹೆಸರಿಗೆ, ಒಂದು ನಮ್ಮ ಹೆಸರಿಗೆ. ಯಾವ ಭಾಗ ಬದಲಾಯಿತು, ಎಷ್ಟಕ್ಕೆ ಎನ್ನುವುದು ಕಂಪನಿಯ ಬಿಲ್ಲಿನಲ್ಲಿ ಇರುತ್ತದೆ. ನಮಗೆ ಸಿಗುವುದು ಉಳಿದ ಮೊತ್ತ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡುವವರು ಯಾರೂ ಇಲ್ಲ. ಕಂಪನಿ ತನ್ನ ಪಾಲು ನೋಡುತ್ತದೆ, ನಾವು ನಮ್ಮ ಪಾಲು ಕಟ್ಟುತ್ತೇವೆ.

ನಾನು ಎರಡು ಕಾಗದ ಕೇಳಿದೆ. ಒಂದು, ಭಾಗಗಳ ಪಾರ್ಟ್ ನಂಬರ್ ಸಮೇತ ಪೂರ್ತಿ ಬಿಲ್. ಇನ್ನೊಂದು, ಯಾವುದಕ್ಕೆ ಎಷ್ಟು ಒಪ್ಪಿದರು ಎಂದು ಸರ್ವೇಯರ್ ಬರೆದ ಅಸೆಸ್‌ಮೆಂಟ್ ಹಾಳೆ. ಅಡ್ವೈಸರ್ "ಅದು ಕಸ್ಟಮರ್‌ಗೆ ಕೊಡಲ್ಲ ಸರ್" ಎಂದರು. ಕೊಡಬೇಕು. ಪಾಲಿಸಿದಾರ ಕೇಳಿದರೆ ಸರ್ವೆ ವರದಿಯ ಪ್ರತಿ ಕೊಡಬೇಕು ಎಂದು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ನಿಯಮವೇ ಇದೆ. ನಾನು ಜಗಳ ಮಾಡಲಿಲ್ಲ. ಸರ್ವೇಯರಿಗೂ ಕಂಪನಿಗೂ ಕ್ಲೇಮ್ ನಂಬರ್ ಹಾಕಿ ಒಂದು ಇಮೇಲ್ ಕಳಿಸಿದೆ. ಸಂಜೆಗೆ ಸರ್ವೇಯರಿಂದಲೇ ಹಾಳೆ ಬಂತು. ಒಳ್ಳೆಯ ಮನುಷ್ಯ. ಗ್ಯಾರೇಜೂ ಕೊನೆಗೆ ಪೂರ್ತಿ ಬಿಲ್ ಪ್ರಿಂಟ್ ಕೊಟ್ಟಿತು: ಒಟ್ಟು 76,290.

ಗಾಡಿ ತರದೆ ಮನೆಗೆ ಬಂದೆ. ಹಬ್ಬದ ಬಾಗಿನಕ್ಕೆ ಅಕ್ಕನ ಮನೆಗೆ ಬಸ್ಸಿನಲ್ಲಿ ಹೋಗಿಬಂದೆವು. ಗಣೇಶನನ್ನು ಬಿಟ್ಟ ಮೇಲೆ ಶನಿವಾರ ರಾತ್ರಿ ಅಡುಗೆ ಮನೆಯ ಮೇಜಿನ ಮೇಲೆ ಎಸ್ಟಿಮೇಟ್, ಅಸೆಸ್‌ಮೆಂಟ್, ಬಿಲ್ ಮೂರನ್ನೂ ಹರಡಿದೆ. ಅಪ್ಪನನ್ನು ಕರೆದೆ. ಅವರು ಲೆಕ್ಕದ ಮೇಷ್ಟ್ರಾಗಿದ್ದವರು. ಮೊದಲು ಒಲ್ಲೆ ಎಂದರು. ಆಮೇಲೆ ಕನ್ನಡಕ ಹಾಕಿಕೊಂಡು ಬಂದು, ಸ್ಕೇಲ್ ಇಟ್ಟು ಒಂದೊಂದೇ ಸಾಲು ಓದತೊಡಗಿದರು. ಮೂರೂ ಕಡೆ ಇರುವ ಭಾಗಕ್ಕೆ ಪೆನ್ಸಿಲಿನಲ್ಲಿ ಟಿಕ್. ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದ್ದಕ್ಕೆ ಸುತ್ತು.

ಲೋಹದ ಭಾಗಗಳು: ಬಾನೆಟ್ 8,600, ಎಡ ಫೆಂಡರ್ 3,400, ಲೋಯರ್ ಆರ್ಮ್ 2,900, ರೇಡಿಯೇಟರ್ 7,100, ಕಂಡೆನ್ಸರ್ 9,000. ಒಟ್ಟು 31,000. ಶೇ. 35ರಂತೆ ನಮ್ಮ ಪಾಲು 10,850. ಪ್ಲಾಸ್ಟಿಕ್: ಬಂಪರ್, ಗ್ರಿಲ್, ಚಕ್ರದ ಒಳಪದರ, ಹೆಡ್‌ಲ್ಯಾಂಪ್ ಸೇರಿ 14,300. ಅರ್ಧ ನಮ್ಮದು, 7,150. ಹೆಡ್‌ಲ್ಯಾಂಪ್ ಗಾಜಿನ ಹಾಗೆ ಕಂಡರೂ ಈಗಿನ ಗಾಡಿಗಳಲ್ಲಿ ಅದು ಪ್ಲಾಸ್ಟಿಕ್. ಕೂಲಿ 11,800, ಅದಕ್ಕೆ ಕಡಿತ ಇಲ್ಲ. ಪೇಂಟ್ 9,440. ಇದರ ಲೆಕ್ಕ ಸ್ವಲ್ಪ ಸುತ್ತು: ಪೇಂಟ್ ಬಿಲ್ಲಿನ ಕಾಲು ಭಾಗವನ್ನು ಬಣ್ಣದ ಬೆಲೆ ಎಂದು ಹಿಡಿದು, ಅದರ ಅರ್ಧ ಕಡಿಯುತ್ತಾರೆ. ಅಂದರೆ 2,360ರ ಅರ್ಧ, 1,180. ಕೂಲೆಂಟ್, ಏಸಿ ಗ್ಯಾಸ್, ಕ್ಲಿಪ್ಪುಗಳು 2,600, ಇಂಥ ಬಳಸಿ ಮುಗಿಯುವ ಸಾಮಾನಿನ ಕನ್‌ಸ್ಯೂಮಬಲ್ಸ್ ಕವರ್ ಇಲ್ಲದ್ದರಿಂದ ಪೂರ್ತಿ ನಮ್ಮದು. 1,500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲೂ ಮಾಲೀಕನೇ ಭರಿಸುವ ಕಡ್ಡಾಯ ಕಡಿತ 1,000. ಹಳೇ ಭಾಗಗಳ ಗುಜರಿ ಬೆಲೆ ಎಂದು 860.

ಅಪ್ಪ ಕೂಡಿಸಿ ಬರೆದರು: 23,640. ಕೇಳಿದ್ದು 32,140. ವ್ಯತ್ಯಾಸ ಸರಿಯಾಗಿ 8,500.

ಸುತ್ತು ಹಾಕಿದ್ದು ಮೂರೇ ಕಡೆ. ಮೊದಲನೆಯದು ಸಪೋರ್ಟ್ ಪ್ಯಾನೆಲ್. ಸರ್ವೇಯರ್ ರಿಪೇರಿ ಎಂದು ಬರೆದಿದ್ದರು, ತಟ್ಟುವ ಕೂಲಿಯೂ 11,800ರಲ್ಲಿ ಸೇರಿತ್ತು. ಬಿಲ್ಲಿನಲ್ಲಿ ಹೊಸ ಪ್ಯಾನೆಲ್ 4,200 ಎಂದೂ ಇತ್ತು. ಕಂಪನಿ ಒಪ್ಪದ್ದರಿಂದ ಅದು ಪೂರ್ತಿ ನಮ್ಮ ಶೇರಿಗೆ ಬಂದಿತ್ತು. ಎರಡನೆಯದು, ಇಂಜಿನ್ ಒಳಗಿನ ಮಸಿ ತೆಗೆಯುವ ಕ್ಲೀನಿಂಗ್, 2,950. ಅಪಘಾತಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಜಾಬ್ ಕಾರ್ಡಿನಲ್ಲೂ ಇರಲಿಲ್ಲ. ಮೂರನೆಯದು ಬಿಲ್ಲಿನಲ್ಲಿ ಅಲ್ಲ, ಅಸೆಸ್‌ಮೆಂಟ್ ಹಾಳೆಯಲ್ಲೇ ಇತ್ತು. ಕಂಡೆನ್ಸರನ್ನು ಪ್ಲಾಸ್ಟಿಕ್ ಕಾಲಮಿಗೆ ಹಾಕಿಬಿಟ್ಟಿದ್ದರು. ಕಂಡೆನ್ಸರ್ ಅಲ್ಯೂಮಿನಿಯಂ. ಶೇ. 35ರ ಬದಲು 50 ಕಡಿದಿದ್ದರಿಂದ 1,350 ರೂಪಾಯಿ ನಮ್ಮ ಮೇಲೆ ಜಾಸ್ತಿ ಬಿದ್ದಿತ್ತು.

ಅಪ್ಪ ಪೆನ್ಸಿಲ್ ಕೆಳಗಿಟ್ಟು ಬಹಳ ಹೊತ್ತು ಆ ಹಾಳೆಯನ್ನೇ ನೋಡುತ್ತಿದ್ದರು. "ಇದು ನನ್ನ ತಪ್ಪಿಗೆ ಬಂದ ದುಡ್ಡಲ್ಲ" ಎಂದರು.

ಟಾರ್ಚ್ ಹಿಡಿದು

ಸೋಮವಾರ ಬೆಳಿಗ್ಗೆ ಇಬ್ಬರೂ ಹೋದೆವು. ಬಾನೆಟ್ ಎತ್ತಿಸಿ ಟಾರ್ಚ್ ಬಿಟ್ಟೆ. ಸಪೋರ್ಟ್ ಪ್ಯಾನೆಲ್ ಮೇಲೆ ಹೊಸ ಕಪ್ಪು ಬಣ್ಣ, ಅದರ ಕೆಳಗೆ ಸುತ್ತಿಗೆಯ ಗುರುತು, ಮೂಲೆಯಲ್ಲಿ ಕಾರ್ಖಾನೆಯಿಂದ ಬಂದ ಹಳೇ ಸ್ಟಿಕ್ಕರ್. ಕೆಲಸ ಚೆನ್ನಾಗಿಯೇ ಮಾಡಿದ್ದರು. ಆದರೆ ಅದು ಹೊಸದಲ್ಲ.

ಅಕೌಂಟ್ಸ್‌ನವರು ಎಸ್ಟಿಮೇಟಿನ ಸಾಲು ಹಾಗೇ ಬಿಲ್ಲಿಗೆ ಕಾಪಿ ಆಗಿದೆ ಎಂದರು. ಆಗಿರಬಹುದು. ನಾನು ಅದನ್ನು ನಂಬುತ್ತೇನೆ. ಅಲ್ಲಿ ಒಬ್ಬರು ದಿನಕ್ಕೆ ಎಷ್ಟೋ ಫೈಲ್ ನೋಡಬೇಕು. ಯಾರೂ ಮೋಸಕ್ಕೆ ಇಳಿಯಬೇಕಾಗಿಲ್ಲ, ಯಾರೂ ಓದದಿದ್ದರೆ ಸಾಕು. 4,200 ತೆಗೆದರು.

ಕ್ಲೀನಿಂಗ್ ವಿಷಯಕ್ಕೆ ಸ್ವಲ್ಪ ಎಳೆದಾಡಿದರು. "ಮಾಡಿ ಆಗಿದೆ ಸರ್, ಗಾಡಿಗೆ ಒಳ್ಳೆಯದು." ನಾನು ಜಾಬ್ ಕಾರ್ಡಿನ ಫೋಟೋ ತೋರಿಸಿದೆ. ನಾನು ಒಪ್ಪಿದ್ದು ಫೋನಿನಲ್ಲೋ ಮೆಸೇಜಿನಲ್ಲೋ ಎಲ್ಲಾದರೂ ಇದ್ದರೆ ತೋರಿಸಿ, ಈಗಲೇ ಕೊಡುತ್ತೇನೆ ಎಂದೆ. ಮ್ಯಾನೇಜರ್ ಬಂದು ಅದನ್ನೂ ತೆಗೆಸಿದರು. ಮಧ್ಯೆ ಒಬ್ಬರು ಗಾಡಿ ಇಲ್ಲೇ ಬಿಟ್ಟರೆ ದಿನಕ್ಕೆ ಪಾರ್ಕಿಂಗ್ ಚಾರ್ಜ್ ಬೀಳುತ್ತದೆ ಎಂದಿದ್ದರು. ಅದನ್ನು ಬರೆದು ಕೊಡಿ ಎಂದ ಮೇಲೆ ಆ ಮಾತು ಮತ್ತೆ ಬರಲಿಲ್ಲ.

ಕಂಡೆನ್ಸರ್ ಗ್ಯಾರೇಜಿನ ಕೈಯಲ್ಲಿರಲಿಲ್ಲ. ಹಳೆಯ ಭಾಗಗಳ ರಾಶಿಯಲ್ಲಿ ಸೀಳಿದ ಕಂಡೆನ್ಸರ್ ಹುಡುಕಿ ಫೋಟೋ ತೆಗೆದು ಸರ್ವೇಯರಿಗೆ ಕಳಿಸಿದೆ. ಎರಡೇ ಸಾಲು ಬರೆದೆ: ಈ ಭಾಗ ಲೋಹದ್ದು, ದಯವಿಟ್ಟು ಕಾಲಮ್ ಸರಿಪಡಿಸಿ. ಮೂರು ದಿನ ಹಿಡಿಯಿತು. 12ರಂದು ಕಂಪನಿಯ ಪಾಲು 44,150ರಿಂದ 45,500ಕ್ಕೆ ಏರಿಸಿದ ಹೊಸ ಡಿಓ, ಅಂದರೆ ಗ್ಯಾರೇಜಿಗೆ ಇಷ್ಟು ಕೊಡುತ್ತೇವೆ ಎಂದು ಕಂಪನಿ ಬರೆದುಕೊಡುವ ಪತ್ರ, ಬಂತು. ಸರಿಪಡಿಸದೆ ಹೋಗಿದ್ದರೆ ಮುಂದಿನ ದಾರಿಯೂ ನೋಡಿಟ್ಟುಕೊಂಡಿದ್ದೆ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿ, ಅಲ್ಲಿ ಆಗದಿದ್ದರೆ ಐಆರ್‌ಡಿಎಐನ ದೂರಿನ ಪೋರ್ಟಲ್ ಬಿಮಾ ಭರೋಸಾ ಅಥವಾ ಸಹಾಯವಾಣಿ 155255. ಒಂದು ತಿಂಗಳು ಕಾದರೂ ಉತ್ತರ ಬರದಿದ್ದರೆ ಇನ್ಶೂರೆನ್ಸ್ ಓಂಬುಡ್ಸ್‌ಮನ್. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಫೀಸಿಲ್ಲ, ವಕೀಲರೂ ಬೇಡ. 1,350 ರೂಪಾಯಿಗೆ ಅಷ್ಟು ದೂರವಾ ಅಂತ ಅನಿಸಬಹುದು. ಅಲ್ಲಿಗೆ ಹೋಗುವವರಲ್ಲಿ ಇದಕ್ಕಿಂತ ದೊಡ್ಡ ನೋವಿನವರೇ ಜಾಸ್ತಿ ಇರುತ್ತಾರೆ, ನಿಜ. ನಮಗೆ ಆ ಅಗತ್ಯ ಬೀಳಲಿಲ್ಲ.

ಇನ್ನು ಗುಜರಿಯ 860. ಕಂಪನಿ ನಮ್ಮ ಲೆಕ್ಕದಿಂದ ಅದನ್ನು ಕಡಿದಿತ್ತು, ಹಳೇ ಭಾಗಗಳು ಗ್ಯಾರೇಜಿನಲ್ಲೇ ಬಿದ್ದಿದ್ದವು. ಹಾಗಾದರೆ ಭಾಗ ನಮಗೆ ಕೊಡಿ, ಇಲ್ಲ ದುಡ್ಡು ನೀವು ಹಾಕಿಕೊಳ್ಳಿ ಎಂದು ಕೇಳಿದ್ದು ಅಪ್ಪ. ಮ್ಯಾನೇಜರ್ ಒಪ್ಪಿದರು. 22,780 ಆಯಿತು.

13ರಂದು ದುಡ್ಡು ಕಟ್ಟುವ ಮೊದಲು ಪ್ರೊಫಾರ್ಮಾ ಬೇಡ, ಜಿಎಸ್‌ಟಿ ನಂಬರ್ ಇರುವ ಟ್ಯಾಕ್ಸ್ ಇನ್‌ವಾಯ್ಸ್ ಕೊಡಿ ಎಂದೆ. ಹೊಸ ಭಾಗಕ್ಕೆ ಮುಂದೆ ವಾರಂಟಿ ಕೇಳಬೇಕಾದರೆ ಅದೇ ಆಧಾರ. ಆಗ ಬಿಡಿಭಾಗಕ್ಕೆ ಶೇ. 28, ಕೂಲಿಗೆ ಶೇ. 18 ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಕ್ಕೂ 18 ಆಗಿದೆ, ಈಗಿನ ಬಿಲ್ ನೋಡುವವರು ಅದನ್ನೂ ಗಮನಿಸಿ. ಗಾಡಿಯನ್ನು ಒಂದು ಸುತ್ತು ಓಡಿಸಿದೆ. ಏಸಿ ತಣ್ಣಗಿತ್ತು, ಸ್ಟೀರಿಂಗ್ ಎಳೆಯಲಿಲ್ಲ.

ಕೊನೆಗೆ ಎಸ್‌ವಿ. ಅದರಲ್ಲಿ ಪೂರ್ತಿ ಮತ್ತು ಅಂತಿಮ ಎಂಬ ಮಾತಿತ್ತು. ಆದರೆ ಕ್ರೇನಿನ ದುಡ್ಡು ಇನ್ನೂ ಬಂದಿರಲಿಲ್ಲ. ಖಾಸಗಿ ಕಾರಿನ ಸಾಮಾನ್ಯ ಪಾಲಿಸಿಯಲ್ಲಿ ಗಾಡಿ ಎಳೆಸುವುದಕ್ಕೆ 1,500 ರೂಪಾಯಿವರೆಗೆ ಇದೆ, ಅದನ್ನು ಯಾರೂ ಲೆಕ್ಕಕ್ಕೆ ತಂದಿರಲಿಲ್ಲ. ಸೈನ್ ಹಾಕುವ ಜಾಗದ ಮೇಲೆ ಕೈಯಿಂದ ಬರೆದೆ: "ಟೋಯಿಂಗ್ ಮೊತ್ತ 1,500 ಬಾಕಿ ಇದೆ. ರಸೀದಿ ಸಲ್ಲಿಸಲಾಗಿದೆ." ಫೋಟೋ ತೆಗೆದುಕೊಂಡು ಆಮೇಲೆ ಸೈನ್ ಹಾಕಿದೆ. ಸೆಪ್ಟೆಂಬರ್ 24ಕ್ಕೆ ಆ ದುಡ್ಡು ಖಾತೆಗೆ ಬಂತು. ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಮ್ಮಿನಲ್ಲಿ ಸಿಗುವ ರಿಯಾಯಿತಿ, ಶೇ. 45ರಷ್ಟಿದ್ದ ಎನ್‌ಸಿಬಿ ಮಾತ್ರ ಮಾರ್ಚಿನ ನವೀಕರಣದಲ್ಲಿ ಸೊನ್ನೆ ಆಯಿತು, ಕ್ಲೇಮ್ ಮಾಡಿದ ಮೇಲೆ ಅದು ಹೋಗುವುದೇ.

ಅವತ್ತು ಗ್ಯಾರೇಜಿನ ಬಾಗಿಲಲ್ಲಿ ಕೀ ಅಪ್ಪನ ಕೈಗೆ ಕೊಟ್ಟೆ. ಹಿರೀಸಾವೆಯ ರಾತ್ರಿ ಆದ ಮೇಲೆ ಅವರು ಸ್ಟೀರಿಂಗ್ ಮುಟ್ಟಿರಲಿಲ್ಲ. ಬೇಡ ಎಂದರು. ನಾನು ಫೈಲ್ ತಗೊಂಡು ಎಡಗಡೆ ಸೀಟಿನಲ್ಲಿ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವರು ಬಂದು ಕೂತು, ಕನ್ನಡಿ ಸರಿಮಾಡಿಕೊಂಡರು. ಬಿ.ಎಂ. ರಸ್ತೆಯಲ್ಲಿ ಮೂವತ್ತರ ಮೇಲೆ ಹೋಗದೆ ಮನೆ ತಲುಪಿದೆವು.